ಹನ್ನೊಂದು ದಿನ

ಮೇಟಗಳ್ಳಿಯ ನಮ್ಮ ಬಾಡಿಗೆ ಮನೆಯ ಹಿತ್ತಲ ಗೋಡೆಯಲ್ಲಿ ಒಂದು ಕಡೆ ಸುಣ್ಣ ಅಂಗೈಯಗಲ ಮಾಯವಾಗಿತ್ತು. ಮಳೆಗೆ ಉದುರಿದೆ ಅಂದ್ಕೊಂಡಿದ್ದೆ. ಆಮೇಲೆ ನೋಡಿದರೆ ನನ್ನ ಮೂರು ವರ್ಷದ ಮಗಳು ಉಗುರಲ್ಲಿ ಕೆರೆದು ಕೆರೆದು ತಿಂತಿದ್ದಾಳೆ! ಗದರಿದೆ. ಊರಿಂದ ಬಂದಿದ್ದ ಅಮ್ಮ ನಕ್ಕಳು. "ನೀನೂ ಬಳಪ ತಿಂತಿದ್ದೆ ಕನ. ಮೇಷ್ಟ್ರ ಕೈಲಿ ಎಷ್ಟ್ ಹೊಡ್ಸ್ಕಂಡಿದ್ದೀಯ."

ಹೌದು, ಹೊಡೆಸಿಕೊಂಡಿದ್ದೆ. ಮಣ್ಣು, ಬಳಪ, ಸುಣ್ಣ ತಿನ್ನಬೇಕು ಅನ್ನಿಸೋದು ಮಕ್ಕಳಲ್ಲಿ ಕಬ್ಬಿಣದ ಕೊರತೆಯ ಒಂದು ಲಕ್ಷಣ ಅಂತ ನನಗೆ ಗೊತ್ತಾಗಿದ್ದು ಮೂವತ್ತೈದನೇ ವಯಸ್ಸಲ್ಲಿ, ಮಕ್ಕಳ ಡಾಕ್ಟರ ಮುಂದೆ ಕೂತಾಗ. ಅವರು ಮಗಳ ಕೆಳರೆಪ್ಪೆ ಎಳೆದು ನೋಡಿದರು, ಅಂಗೈ ನೋಡಿದರು, ಹೊಟ್ಟೆ ಒತ್ತಿ ನೋಡಿದರು. ನಮ್ಮಂಥ ಎಣ್ಣೆಗೆಂಪು ಮೈಬಣ್ಣದವರಲ್ಲಿ ಮುಖ ನೋಡಿ ರಕ್ತಹೀನತೆ ಹೇಳೋಕಾಗಲ್ಲವಂತೆ. ದಿನಾ ಎತ್ತಿಕೊಂಡು ಮುದ್ದಾಡಿದ ಮಗುವಿನ ಅಂಗೈ ಬಿಳಿಚಿದ್ದನ್ನ ನಾನು ಗಮನಿಸಿರಲೇ ಇಲ್ಲ. ಮೆಟ್ಟಿಲು ಹತ್ತುವಾಗ "ಎತ್ತಿಕೋ" ಅಂದರೆ ಸೋಂಬೇರಿ ಅಂತ ರೇಗಿಸುತ್ತಿದ್ದೆ.

ಹಿಮೋಗ್ಲೋಬಿನ್ 8.1. ಈ ವಯಸ್ಸಿಗೆ 11ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ. ಊಟ ಬೇಡ ಅಂದಾಗಲೆಲ್ಲ ಹಾಲು ಕುಡಿಸುತ್ತಿದ್ದೆವು, ಅದೇ ಮುಖ್ಯ ಕಾರಣ ಅಂದರು. ಹಸುವಿನ ಹಾಲಲ್ಲಿ ಕಬ್ಬಿಣ ತೀರಾ ಕಮ್ಮಿ, ಸಾಲದ್ದಕ್ಕೆ ಹೊಟ್ಟೆ ತುಂಬಿಸಿ ಬೇರೆ ಊಟಕ್ಕೆ ಜಾಗ ಇಲ್ಲದ ಹಾಗೆ ಮಾಡುತ್ತೆ. ಮೂರು ತಿಂಗಳು ಕಬ್ಬಿಣದ ಸಿರಪ್ ಕೊಟ್ಟೆವು. 10.2ಕ್ಕೆ ಬಂದು ನಿಂತಿತು. ಸುಣ್ಣ ತಿನ್ನೋದೂ ನಿಂತಿತು.

ನಾನಾಗಿದ್ದರೆ ಅಲ್ಲಿಗೆ ಟಿಕೆಟ್ ಕ್ಲೋಸ್ ಮಾಡಿಬಿಡುತ್ತಿದ್ದೆ. ಡಾಕ್ಟರು ಮಾಡಲಿಲ್ಲ. ಕೆಂಪು ರಕ್ತಕಣಗಳ ಸಂಖ್ಯೆ 56 ಲಕ್ಷ, ಆದರೆ ಒಂದೊಂದೂ ತೀರಾ ಪುಟ್ಟದು, ಎಂಸಿವಿ 61. ಆ 61ನ್ನು 5.6ರಿಂದ ಭಾಗಿಸಿದರು. 13ಕ್ಕಿಂತ ಕಡಿಮೆ ಬಂದರೆ ಕಬ್ಬಿಣದ ಕೊರತೆಗಿಂತ ಥಲಸ್ಸೀಮಿಯಾದ ಅನುಮಾನ ಹೆಚ್ಚು. ಬಂದದ್ದು ಹನ್ನೊಂದರ ಹತ್ತಿರ. ಆಮೇಲೆ ಎಚ್‌ಪಿಎಲ್‌ಸಿ ಪರೀಕ್ಷೆ. ಅದನ್ನ ಮೊದಲೇ ಯಾಕೆ ಮಾಡಿಸಲಿಲ್ಲ ಅಂತ ಕೇಳಿದೆ. ಕಬ್ಬಿಣ ಕಮ್ಮಿ ಇದ್ದಾಗ ಹಿಮೋಗ್ಲೋಬಿನ್ ಎ2 ಪ್ರಮಾಣ ತಗ್ಗಿ ಕಾಣಬಹುದು, ಒಂದು ತೊಂದರೆ ಇನ್ನೊಂದನ್ನ ಮುಚ್ಚಿಡುತ್ತೆ ಅಂದರು. ಒಂದು ಬಗ್ ಇನ್ನೊಂದನ್ನ ಬಚ್ಚಿಡೋದು ನನಗೇನು ಹೊಸದಲ್ಲ.

ಎ2 ಶೇ. 5.1. ಬೀಟಾ ಥಲಸ್ಸೀಮಿಯಾ ವಾಹಕಿ. ಇದು ಕಾಯಿಲೆ ಅಲ್ಲ, ಅವಳು ಆರಾಮಾಗಿ ಬದುಕುತ್ತಾಳೆ. ನಮ್ಮ ದೇಶದಲ್ಲಿ ನೂರಕ್ಕೆ ಮೂರು ನಾಲ್ಕು ಜನ ಹೀಗೇ ಇದ್ದಾರೆ, ಹೆಚ್ಚಿನವರಿಗೆ ಗೊತ್ತೂ ಇಲ್ಲ. ನಮ್ಮಿಬ್ಬರ ರಕ್ತವನ್ನೂ ಪರೀಕ್ಷಿಸಿದರು. ಹೆಂಡತಿಯದು ಸರಿ ಇತ್ತು. ವಾಹಕ ನಾನು.

ಅವತ್ತು ನನ್ನ ತಂಗಿಗೆ ಒಂಬತ್ತನೇ ವಾರ.

ತಂಗಿ ಮದುವೆಯಾಗಿರೋದು ಸೋದರಮಾವನ ಮಗನನ್ನ. ಅಪ್ಪ ಈಗಿಲ್ಲ. ನನಗೆ ಇದು ಅಪ್ಪನಿಂದ ಬಂತೋ ಅಮ್ಮನಿಂದ ಬಂತೋ ತಿಳಿಯಬೇಕಾದರೆ ಅಮ್ಮನ ರಕ್ತ ನೋಡಬೇಕು. ಅಮ್ಮ ಒಪ್ಪಲಿಲ್ಲ. ಯಾರ ಕಡೆಯಿಂದ ಬಂದಿದ್ದರೂ ತಂಗಿ ವಾಹಕಿ ಆಗಿರುವ ಸಾಧ್ಯತೆ ಅರ್ಧಕ್ಕರ್ಧ. ಅಮ್ಮನಿಂದ ಬಂದಿದ್ದರೆ ಭಾವನಿಗೂ ಇರಬಹುದು. ಇಬ್ಬರೂ ವಾಹಕರಾದರೆ ಪ್ರತಿ ಬಸಿರಲ್ಲೂ ನಾಲ್ಕರಲ್ಲಿ ಒಂದು ಪಾಲು, ಮಗುವಿಗೆ ಥಲಸ್ಸೀಮಿಯಾ ಮೇಜರ್. ಅಂದರೆ ಎರಡರಿಂದ ನಾಲ್ಕು ವಾರಕ್ಕೊಮ್ಮೆ ರಕ್ತ, ಅದರಿಂದ ಮೈಯಲ್ಲಿ ಸೇರೋ ಕಬ್ಬಿಣ ತೆಗೆಯೋಕೆ ಔಷಧಿ, ಅಸ್ಥಿಮಜ್ಜೆ ಕಸಿ ಆಗದಿದ್ದರೆ ಜೀವನಪೂರ್ತಿ. ಗರ್ಭದಲ್ಲೇ ಪರೀಕ್ಷೆ ಮಾಡಬಹುದು, ಹನ್ನೊಂದು ಹನ್ನೆರಡನೇ ವಾರದ ಹೊತ್ತಿಗೆ.

"ಬಸುರಿ ಹೆಂಗ್ಸಿನ ಕಿವಿಗೆ ಇದನ್ನೆಲ್ಲ ಹಾಕ್ಬ್ಯಾಡ ಕನಪ್ಪ" ಅಂದಳು ಅಮ್ಮ.

ಅಮ್ಮನ ಮಾತಲ್ಲಿ ಹುರುಳಿಲ್ಲ ಅಂತ ತಳ್ಳಿಹಾಕೋಕೆ ಆಗಲಿಲ್ಲ. ಮುಕ್ಕಾಲು ಪಾಲು ಏನೂ ಇರಲ್ಲ, ಬರೀ ಹೆದರಿಸಿದ ಹಾಗಾಗುತ್ತೆ. ಇದ್ದರೆ, ಕೆಲವೇ ದಿನದಲ್ಲಿ ಅವಳು ಯಾವ ತಾಯಿಗೂ ಬೇಡವಾದ ತೀರ್ಮಾನದ ಮುಂದೆ ನಿಲ್ಲಬೇಕು. ಅವಳನ್ನ ಅಲ್ಲಿ ನಿಲ್ಲಿಸಿದವನು ನಾನಾಗಬೇಕಾ? ತಿಳಿದುಕೊಳ್ಳದೇ ಇರೋ ಹಕ್ಕು ಅಂತ ಒಂದಿದೆ ಅಂತಾರೆ. ಆದರೆ ಆ ಹಕ್ಕನ್ನ ಅವಳು ಬಳಸಬೇಕಾದರೂ ತಿಳಿಯೋಕೆ ಏನೋ ಇದೆ ಅನ್ನೋದಾದರೂ ಗೊತ್ತಿರಬೇಕಲ್ಲ. ಅವಳ ಪರವಾಗಿ ನಾನು ಬಳಸಿದರೆ ಅದು ಬರೀ ಮುಚ್ಚಿಡೋದು.

ನಮ್ಮ ಮನೆಯಿಂದ ಒಂದೂವರೆ ಗಂಟೆ ದೂರದ ಎಚ್.ಡಿ. ಕೋಟೆಯ ಹಾಡಿಗಳಲ್ಲಿ ಸಿಕಲ್ ಸೆಲ್ ಇದೆ. 2023ರಲ್ಲಿ ಕೇಂದ್ರ ಸರ್ಕಾರ ಅದರ ನಿರ್ಮೂಲನೆಗೆ ಅಭಿಯಾನ ಶುರುಮಾಡಿತು. ತಪಾಸಣೆ ಮಾಡಿ ಕಾರ್ಡ್ ಕೊಡುತ್ತಾರೆ, ಮದುವೆಗೆ ಮುಂಚೆ ಕಾರ್ಡ್ ನೋಡಿಕೊಳ್ಳಿ ಅನ್ನುತ್ತಾರೆ. ಒಳ್ಳೆಯದೇ. ಆದರೆ ಹೆಣ್ಣಿನ ಕಾರ್ಡನ್ನೂ ಗಂಡಿನ ಕಾರ್ಡನ್ನೂ ನಮ್ಮ ಸಮಾಜ ಒಂದೇ ಕಣ್ಣಲ್ಲಿ ನೋಡುತ್ತಾ? ನನಗೆ ನಂಬಿಕೆ ಇಲ್ಲ. ಸೈಪ್ರಸ್‌ನಲ್ಲಿ ಮದುವೆಗೆ ಮುಂಚೆ ಥಲಸ್ಸೀಮಿಯಾ ಪರೀಕ್ಷೆಯ ಸರ್ಟಿಫಿಕೇಟನ್ನ ಅಲ್ಲಿನ ಚರ್ಚ್ ಕೇಳುತ್ತೆ. ಪರೀಕ್ಷೆ ಆಗಿದೆ ಅಂತ ಗೊತ್ತಾದರೆ ಸಾಕು, ಮದುವೆ ಆಗೋದು ಬಿಡೋದು ಆ ಇಬ್ಬರಿಗೆ ಬಿಟ್ಟಿದ್ದು. ನನಗೆ ಇದು ಹಿಡಿಸಿತು.

ಇಷ್ಟೆಲ್ಲ ಯೋಚಿಸೋಕೆ ನಾನು ತಗೊಂಡಿದ್ದು ಹನ್ನೊಂದು ದಿನ. ದೊಡ್ಡ ಧರ್ಮಸಂಕಟ ಅಂತ ನನ್ನನ್ನ ನಾನೇ ನಂಬಿಸಿಕೊಂಡಿದ್ದೆ. ಈಗ ನೋಡಿದರೆ ಅದರಲ್ಲಿ ಅರ್ಧ ಮಾವನ ಎದುರು ಕೆಟ್ಟವನಾಗುವ ಭಯ.

ಕೊನೆಗೆ ಫೋನ್ ಮಾಡಿ ಹೇಳಿದೆ. ತಂಗಿ ಅಳಲಿಲ್ಲ. ರಿಪೋರ್ಟ್ ಯಾವತ್ತು ಬಂತು ಅಂತ ಕೇಳಿದಳು. ತಾರೀಖು ಹೇಳಿದೆ, ನಿದ್ದೆ ಬರಲಿಲ್ಲ ಕಣೇ ಅಂತಾನೂ ಸೇರಿಸಿದೆ. "ನಿನಗೆ ನಿದ್ದೆ ಬರಲಿಲ್ಲ ಸರಿ, ಆ ಹನ್ನೊಂದು ದಿನ ನನ್ನವಲ್ವಾ?" ಅಂದಳು. ಉತ್ತರ ಹೊಳೆಯಲಿಲ್ಲ.

ಗಂಡ ಹೆಂಡತಿ ಮಾರನೇ ದಿನವೇ ಹೋಗಿ ರಕ್ತ ಕೊಟ್ಟರು. ತಂಗಿ ವಾಹಕಿ. ಭಾವ ಅಲ್ಲ.

ಮಾವ ಈಗಲೂ ನನ್ನ ಜೊತೆ ಮಾತಾಡ್ತಿಲ್ಲ, ಅವರ ವಂಶದ ಮೇಲೆ ಅನುಮಾನ ಪಟ್ಟೆ ಅಂತ. ಅಮ್ಮನ ರಕ್ತಪರೀಕ್ಷೆ ಇನ್ನೂ ಆಗಿಲ್ಲ. ಮೊನ್ನೆ ಮಗಳ ಶಾಲೆಯ ಅರ್ಜಿಯಲ್ಲಿ 'ಆರೋಗ್ಯ ಸಮಸ್ಯೆ ಏನಾದರೂ' ಅನ್ನೋ ಜಾಗದಲ್ಲಿ ಪೆನ್ನು ಸ್ವಲ್ಪ ಹೊತ್ತು ನಿಂತಿತು. 'ಇಲ್ಲ' ಅಂತ ಬರೆದೆ. ಇದನ್ನೆಲ್ಲ ಇಲ್ಲಿ ಬರೆಯೋ ಮುಂಚೆ ತಂಗಿಯನ್ನ ಕೇಳಿದ್ದೀನಿ, ಹೆಸರು ಹಾಕಬೇಡ ಅಂದಳು. ಮಗಳನ್ನ ಕೇಳೋಕೆ ಆಗಿಲ್ಲ.