ಬೇರಿನ ಔಷಧವೂ ಅಹಿಂಸೆಯೂ

ರೋಗಿಯ ರಕ್ಷಣೆಗಾಗಿ ಇನ್ನೊಂದು ಜೀವವನ್ನು ಬುಡಸಹಿತ ಕೀಳಬಹುದೇ ಎಂಬ ಪ್ರಶ್ನೆಯು, 1204ರ ಕಾಲದ, ರಟ್ಟರ ಮಂತ್ರಿ ಬೀಚಿರಾಜನ ಕಮಲಬಸದಿಯನ್ನು ತನ್ನ ಕೋಟೆಯೊಳಗೆ ಇಂದಿಗೂ ಕಾಪಾಡಿಕೊಂಡಿರುವ ಬೆಳಗಾವಿಗೆ ಹೊಸದಾಗಿರಲಾರದು. ಕಂದಮೂಲಗಳನ್ನು ತ್ಯಜಿಸುವ ಜೈನರ ಆಚಾರದಲ್ಲಿ, ಎಲೆಯನ್ನೋ ಫಲವನ್ನೋ ಕೊಂಡರೆ ಗಿಡ ಉಳಿದೀತು, ಬೇರನ್ನು ಕೊಂಡರೆ ಉಳಿಯದು ಎಂಬ ವಿವೇಕವೂ ಅಡಗಿದೆ. ರಾಷ್ಟ್ರಕೂಟರ ಕಾಲದ ಉಗ್ರಾದಿತ್ಯನಂತೂ ತನ್ನ ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥದಲ್ಲಿ ಮದ್ಯ ಮಾಂಸ ಮಧುಗಳನ್ನು ವರ್ಜಿಸಿ, ಚಿಕಿತ್ಸೆಗೂ ಧರ್ಮದ ಎಲ್ಲೆಯುಂಟೆಂದು ತೋರಿದನು.

ಮಧುಮೇಹದ ಮೂಲಿಕೆಗಳನ್ನು ಈ ವಿವೇಕದಿಂದಲೇ ನೋಡಬೇಕೆಂದು ನನಗೆ ತೋರುತ್ತದೆ. ಮಧುನಾಶಿನಿಯ ಎಲೆಯೂ ನೇರಳೆಯ ಬೀಜವೂ ಸಸ್ಯವನ್ನು ಕೊಲ್ಲದೆ ದೊರೆಯುವಂಥವು. ಆದರೆ ಬೆಳಗಾವಿ ಜಿಲ್ಲೆಯ ಖಾನಾಪುರದ ಅರಣ್ಯಗಳನ್ನೊಳಗೊಂಡ ಸಹ್ಯಾದ್ರಿಯ ಶ್ರೇಣಿಯಲ್ಲಿ ಬೆಳೆಯುವ ಏಕನಾಯಕವೆಂಬ ಬಳ್ಳಿಯಿಂದ ಜನರು ಬಯಸುವುದು ಅದರ ಬೇರನ್ನು. ಪಿಷ್ಟವನ್ನು ಸಕ್ಕರೆಯಾಗಿ ಒಡೆಯುವ ಕಿಣ್ವಗಳನ್ನು ತಡೆಯುವ ಸಲಾಸಿನಾಲ್ ಎಂಬ ದ್ರವ್ಯವು ಆ ಕುಲದ ಬಳ್ಳಿಯಲ್ಲಿ ದೊರೆತಿರುವುದರಿಂದ ಈ ಬಯಕೆ ನಿರಾಧಾರವಲ್ಲ. ಅಷ್ಟರಿಂದಲೇ ಅದು ಇನ್ಸುಲಿನ್ನಿಗೆ ಬದಲಿಯೂ ಆಗದು. ಇನ್ಸುಲಿನ್ ಇಲ್ಲದೆ ಬದುಕಲಾರದ ಮಗುವಿಗೆ ಕಷಾಯವನ್ನಷ್ಟೇ ಕುಡಿಸುವುದು, ಎಷ್ಟೇ ಶ್ರದ್ಧೆಯಿಂದ ಮಾಡಿದರೂ, ಹಿಂಸೆಯೇ.

ಯುರೋಪಿನ ಗಲೇಗ ಗಿಡದಲ್ಲಿರುವ ಗ್ವಾನಿಡೀನ್ ವರ್ಗಕ್ಕೆ ಸಂಬಂಧಿಸಿದ, ಮಧುಮೇಹದ ಔಷಧವಾದ ಮೆಟ್‌ಫಾರ್ಮಿನ್ 1922ರಲ್ಲಿ ಪ್ರಯೋಗಶಾಲೆಯಲ್ಲಿಯೇ ಸಿದ್ಧವಾಯಿತು. ಅದಕ್ಕಾಗಿ ಇಂದು ಯಾರೂ ಗಿಡವನ್ನು ಕೀಳಬೇಕಾಗಿಲ್ಲ. ಭಾರತೀಯ ವೈದ್ಯಕೀಯ ಸಂಶೋಧನಾ ಪರಿಷತ್ತಿನ ಪಾರಂಪರಿಕ ವೈದ್ಯಸಂಸ್ಥೆಯು ಬೆಳಗಾವಿಯಲ್ಲಿಯೇ ಇರುವುದರಿಂದ, ಬೇರಿನ ಗುಣವನ್ನು ಎಲೆಯಲ್ಲಿ ಅರಸುವ, ಬಳ್ಳಿಯನ್ನು ತೋಟದಲ್ಲಿ ಬೆಳೆಸುವ ಕಾರ್ಯಕ್ಕೆ ಖಾನಾಪುರದ ನಾಟಿವೈದ್ಯರ ಅನುಭವವೂ ಆ ಸಂಸ್ಥೆಯ ವಿಜ್ಞಾನಿಗಳ ಪರೀಕ್ಷೆಯೂ ಒಡಗೂಡಲೆಂಬುದು ನನ್ನ ಹಂಬಲ.