ಅಭಾವವೂ ಸಂಯಮವೂ

ದೊರೆಯದ ವಸ್ತುವನ್ನು ಬಿಟ್ಟವನು ತ್ಯಾಗಿಯಲ್ಲ. ದೊರೆತುದನ್ನು ಅರಿತು ಬಿಟ್ಟವನೇ ತ್ಯಾಗಿ. ಅಭಾವವು ಹೊರಗಿನಿಂದ ಬರತಕ್ಕುದು, ಸಂಯಮವು ಒಳಗಿನಿಂದ ಹುಟ್ಟತಕ್ಕುದು. ವ್ಯಕ್ತಿಯ ಬಾಳಿನಲ್ಲಿ ಈ ಭೇದವನ್ನು ಎಲ್ಲರೂ ಒಪ್ಪುವರು. ರಾಷ್ಟ್ರದ ಬಾಳಿನಲ್ಲಿ ಮಾತ್ರ ಮರೆಯುವರು. 1991ರಲ್ಲಿ ಭಾರತವು ತನ್ನ ಮಾರುಕಟ್ಟೆಯ ಕಟ್ಟುಗಳನ್ನು ಸಡಿಲಿಸಿದುದರ ಹಿತಾಹಿತವನ್ನು ವಿಚಾರಿಸುವಲ್ಲಿ ಈ ಮರೆವು ಎದ್ದುಕಾಣುತ್ತದೆ.

ಅದಕ್ಕೆ ಮುಂಚೆ, 1951ರ ಕೈಗಾರಿಕಾ ಶಾಸನದ ಮೇರೆಗೆ, ದೊಡ್ಡ ಕಾರ್ಖಾನೆಯನ್ನು ತೆರೆಯುವುದಕ್ಕೂ ಬೆಳೆಸುವುದಕ್ಕೂ ಸರ್ಕಾರದ ಲೈಸೆನ್ಸು ಬೇಕಾಗಿತ್ತು. ಸ್ಕೂಟರಿಗಾಗಿ, ಟೆಲಿಫೋನಿಗಾಗಿ ಗೃಹಸ್ಥನು ಹೆಸರು ಬರೆಯಿಸಿ ವರ್ಷಗಟ್ಟಲೆ ಕಾಯುತ್ತಿದ್ದನು. ಇದನ್ನು ಅಂದಿನವರ ತೃಪ್ತಿಯೆಂದು ಹೊಗಳುವವರುಂಟು. ಅದು ತೃಪ್ತಿಯಲ್ಲ, ನಿರುಪಾಯ. ಆಸೆಯು ಅಳಿದಿರಲಿಲ್ಲ, ಸರದಿಯಲ್ಲಿ ನಿಂತಿತ್ತು, ಅಷ್ಟೆ.

1991ರ ನಡುವಿನಲ್ಲಿ ದೇಶದ ವಿದೇಶೀ ಹಣವು ಕೆಲವೇ ವಾರಗಳ ಆಮದಿಗೆ ಸಾಲುವಷ್ಟಕ್ಕೆ ಇಳಿಯಿತು. ಜುಲೈ ತಿಂಗಳಲ್ಲಿ ರಿಸರ್ವ್ ಬ್ಯಾಂಕು ಸುಮಾರು 47 ಟನ್ ಚಿನ್ನವನ್ನು ಪರದೇಶದಲ್ಲಿ ಅಡವಿಟ್ಟಿತು. ಮನೆಯ ಒಡವೆ ಅಡವಿಗೆ ಹೋದ ದಿನದ ಸಂಕಟವನ್ನು ಸಂಸಾರಿಗಳಿಗೆ ಬಣ್ಣಿಸಬೇಕಾಗಿಲ್ಲ. ಆಗ ಪ್ರಧಾನಮಂತ್ರಿ ಪಿ. ವಿ. ನರಸಿಂಹರಾಯರು ಹಾಗೂ ಅರ್ಥಸಚಿವ ಮನಮೋಹನ ಸಿಂಗರು ರೂಪಾಯಿಯ ಬೆಲೆಯನ್ನಿಳಿಸಿ, ಜುಲೈ 24ರಂದು ಕೆಲವನ್ನುಳಿದು ಮಿಕ್ಕೆಲ್ಲ ಕೈಗಾರಿಕೆಗಳ ಲೈಸೆನ್ಸನ್ನು ತೆಗೆದುಹಾಕಿದರು. ಆಮದು ಸುಂಕಗಳನ್ನೂ ಕ್ರಮೇಣ ತಗ್ಗಿಸಲಾಯಿತು.

ಫಲವು ಅಲ್ಪವಲ್ಲ. 1991–92ರಲ್ಲಿ ನೂರಕ್ಕೆ 1ರಷ್ಟರ ಆಸುಪಾಸಿನಲ್ಲಿದ್ದ ರಾಷ್ಟ್ರೋತ್ಪನ್ನದ ಬೆಳವಣಿಗೆಯು 2003ರಿಂದ 2008ರವರೆಗಿನ ವರ್ಷಗಳಲ್ಲಿ ಸರಾಸರಿ 8ರ ಸುತ್ತಮುತ್ತ ನಿಂತಿತು. ತೆಂಡೂಲ್ಕರ್ ಸಮಿತಿಯ ಅಳತೆಯಂತೆ 1993–94ರಲ್ಲಿ ನೂರಕ್ಕೆ 45 ಮಂದಿ ಬಡವರಿದ್ದರೆ, 2011–12ರಲ್ಲಿ 22 ಮಂದಿ. ಹಸಿದವನಿಗೆ ಅನ್ನ ದೊರಕಿದುದನ್ನು ಲೋಭದ ಫಲವೆಂದು ಹಳಿಯುವುದು ಧರ್ಮವಲ್ಲ.

ಆದರೆ ಬೆಳವಣಿಗೆಯು ಎಲ್ಲ ಹೊಲಗಳಿಗೂ ಒಂದೇ ಸಮನೆ ಹರಿಯಲಿಲ್ಲ. ದುಡಿಯುವವರಲ್ಲಿ ಐದರಲ್ಲಿ ಎರಡು ಪಾಲಿಗೂ ಮಿಗಿಲಾದವರು ಇಂದಿಗೂ ಬೇಸಾಯವನ್ನೇ ನಂಬಿದ್ದಾರೆ. ದೇಶದ ಉತ್ಪನ್ನದಲ್ಲಿ ಬೇಸಾಯದ ಪಾಲೋ ಐದರಲ್ಲಿ ಒಂದಕ್ಕೂ ಕಡಿಮೆ. ಮಾರುಕಟ್ಟೆಯು ಕೊಳ್ಳುವ ಶಕ್ತಿಯುಳ್ಳವನ ಮಾತನ್ನು ಕೇಳುತ್ತದೆ. ಬರಿಗೈಯವನ ಮಾತು ಅದಕ್ಕೆ ಕೇಳಿಸದು. ಆದುದರಿಂದ ಶಾಲೆ, ಆಸ್ಪತ್ರೆ, ನೀರು ಇವುಗಳ ಹೊಣೆಯಿಂದ ಸರ್ಕಾರಕ್ಕೆ ಬಿಡುಗಡೆಯಿಲ್ಲ.

ಇನ್ನು ಗೃಹಸ್ಥನ ಹೊಣೆ. ಆಯ್ದಕ್ಕಿ ಮಾರಯ್ಯನು ಒಂದು ದಿನ ಅಗತ್ಯಕ್ಕಿಂತ ಹೆಚ್ಚು ಅಕ್ಕಿಯನ್ನು ಆಯ್ದು ತಂದಾಗ, ಹೆಚ್ಚಿನದನ್ನು ಹಿಂದಕ್ಕೆ ಸುರಿದು ಬರಬೇಕೆಂದು ಲಕ್ಕಮ್ಮನು ಹೇಳಿದ ಕಥೆ ಸುವಿದಿತ. ಹಾಗೆ ಹೇಳಲು ಆಕೆಗೆ ಯಾವ ಶಾಸನದ ಕಟ್ಟಳೆಯೂ ಇರಲಿಲ್ಲ. ಇಟ್ಟುಕೊಂಡಿದ್ದರೆ ದಂಡಿಸುವವರೂ ಇರಲಿಲ್ಲ. ಇಟ್ಟುಕೊಳ್ಳಬಹುದಾಗಿದ್ದುದನ್ನು ಆಕೆ ಬೇಡವೆಂದಳು. ಆ ಬೇಡವೆನ್ನುವಿಕೆಯ ಬೆಲೆ ಇರುವುದು ಅಲ್ಲಿಯೇ.

ಹಿಂದೆ ಕಚೇರಿಯ ಕಟ್ಟಳೆಯು ಎಳೆದಿದ್ದ ಗೆರೆಯನ್ನು ಈಗ ಗೃಹಸ್ಥನು ತಾನೇ ಎಳೆದುಕೊಳ್ಳಬೇಕಾಗಿದೆ. ಸಾಲ ಮಾಡಿ ಮದುವೆಯ ಮೆರವಣಿಗೆಯನ್ನು ಹಿಗ್ಗಿಸುವುದಕ್ಕೂ, ಮಿಕ್ಕುದರಲ್ಲಿ ನೆರೆಯ ಬಡ ಬಾಲಕನನ್ನು ಓದಿಸುವುದಕ್ಕೂ ಅವನು ಸ್ವತಂತ್ರನು. ಮಾರುಕಟ್ಟೆಯ ಸುಧಾರಣೆಯು ಸಂಪತ್ತಿನ ಬಾಗಿಲನ್ನು ತೆರೆಯಿತು. ಅದರೊಡನೆ ಸಂಯಮವನ್ನೂ ಮೊದಲ ಬಾರಿಗೆ ಸಾಧ್ಯವಾಗಿಸಿತು. ಆ ಎರಡನೆಯ ಬಾಗಿಲನ್ನು ಹೊಗುವುದು ಯಾವ ಮಂತ್ರಿಯ ಕೆಲಸವೂ ಅಲ್ಲ. ಮನೆಯ ಯಜಮಾನನದು, ಅವನಿಗೆ ಎಚ್ಚರ ಹೇಳಬಲ್ಲ ಗೃಹಿಣಿಯದು.