ಕಾಣದ ಚೆಲುವು

ಚೆಲುವಾದುದನ್ನು ಕಂಡೊಡನೆ ಕೈ ಏಕೆ ಮುಂದಾಗುತ್ತದೆ? ಕಣ್ಣು ತಣಿದ ಮೇಲೂ ಮನಸ್ಸು ‘ಇದು ನನ್ನದಾಗಬೇಕು’ ಎಂದು ಹಟ ಹಿಡಿಯುವುದೇಕೆ? ಡಾರ್ವಿನ್ನನ ಸಮಕಾಲೀನನಾದ ಆಲ್ಫ್ರೆಡ್ ರಸೆಲ್ ವ್ಯಾಲೇಸನು 1869ರಲ್ಲಿ ಪ್ರಕಟಿಸಿದ ಮಲಯ ದ್ವೀಪಗಳ ಪ್ರವಾಸಗ್ರಂಥವನ್ನು ಓದಿದಂದಿನಿಂದ ಈ ಪ್ರಶ್ನೆ ನನ್ನನ್ನು ಬಿಟ್ಟಿಲ್ಲ.

1859ರಲ್ಲಿ, ಈಗ ಇಂಡೊನೇಷ್ಯಕ್ಕೆ ಸೇರಿರುವ ಬಚಾನ್ ದ್ವೀಪದಲ್ಲಿ, ಅವನು ಒಂದು ಗಂಡು ಚಿಟ್ಟೆಯನ್ನು ಬಲೆಯಲ್ಲಿ ಹಿಡಿದನು. ಏಳು ಅಂಗುಲಕ್ಕೂ ಮಿಕ್ಕ ರೆಕ್ಕೆಯ ಹರವು. ಮಕಮಲ್ಲಿನಂಥ ಕಪ್ಪು, ಕೆಂಡದಂಥ ಕಿತ್ತಳೆ. ಅವನ ಎದೆ ಡವಗುಟ್ಟಿತಂತೆ. ನೆತ್ತರು ತಲೆಗೇರಿ ಮೂರ್ಛೆ ಬಂದಂತಾಯಿತಂತೆ. ಉಳಿದ ದಿನವೆಲ್ಲ ತಲೆನೋವು. ಸಿರಿವಂತಿಕೆಗೆ ಹೆಸರಾದ ಲಿಡಿಯಾದ ಅರಸು ಕ್ರೀಸಸನ ಹೆಸರನ್ನೇ ಅದಕ್ಕಿಟ್ಟನು.

ಈ ಸಿರಿವಂತನ ರಾಜ್ಯವಾದರೋ ಬಹಳ ಚಿಕ್ಕದು: ಉತ್ತರ ಮಲುಕುವಿನ ಬಚಾನ್, ಹಾಲ್ಮಹೇರ ಮೊದಲಾದ ಕೆಲವೇ ದ್ವೀಪಗಳು. ಅದರ ಮರಿಹುಳು ಈಶ್ವರಬಳ್ಳಿಯ ಕುಲದ ಬಳ್ಳಿಯನ್ನೇ ತಿಂದು ಬೆಳೆಯಬೇಕು. ಕರ್ನಾಟಕದ ರಾಜ್ಯಚಿಟ್ಟೆಯೆನಿಸಿದ ಸಹ್ಯಾದ್ರಿಯ ಕಪ್ಪು-ಹೊಂಬಣ್ಣದ ಹಿರಿಚಿಟ್ಟೆ ಇದರ ದಾಯಾದಿ. ಅದೂ ಈಶ್ವರಬಳ್ಳಿಯ ಬಳಗವನ್ನೇ ನಂಬಿದೆ. ಬಳ್ಳಿಯನ್ನು ಕಿತ್ತರೆ, ರೆಕ್ಕೆಯನ್ನು ಮುಟ್ಟದೆಯೇ ಚಿಟ್ಟೆಯನ್ನು ಕೊಂದಂತೆ.

ವ್ಯಾಲೇಸನನ್ನು ಕೊಲೆಗಾರನೆನ್ನುವುದು ಸುಲಭ. ಆದರೆ ಅವನು ಹಿಡಿಯದಿದ್ದರೆ, ಪಟ್ಟಣದ ಮನೆಯಲ್ಲಿ ಕುಳಿತ ನನಗೆ ಇಂಥದೊಂದು ಜೀವ ಇದೆಯೆಂದು ತಿಳಿಯುತ್ತಿತ್ತೆ? ಅವನ ಬಲೆ ಅರಿವನ್ನು ತಂದಿತು. ಗೋಡೆಯ ಅಲಂಕಾರಕ್ಕೆಂದು ಆಮೇಲೆ ಬೀಸಿದ ಬಲೆಗಳು ಅರಿವಿಗೆ ಏನನ್ನು ಸೇರಿಸಿದವು?

ಅದೇ ಗ್ರಂಥದಲ್ಲಿ ಇನ್ನೊಂದು ಮಾತಿದೆ. ಅರೂ ದ್ವೀಪಗಳಲ್ಲಿ ಸ್ವರ್ಗಪಕ್ಷಿಯೊಂದು ಕೈಸೇರಿದಾಗ, ಇಷ್ಟು ಚೆಲುವು ನೋಡುವವರಿಲ್ಲದ ಕಾಡಿನಲ್ಲಿ ತಲೆತಲಾಂತರದಿಂದ ಹುಟ್ಟಿ ಅಳಿಯುತ್ತಿದೆಯಲ್ಲ ಎಂದು ಅವನಿಗೆ ವ್ಯಥೆಯಾಯಿತು. ನಾಗರಿಕರು ಅಲ್ಲಿಗೆ ಹೋದರೆ ಅದು ಉಳಿಯಲಾರದೆಂಬ ಭಯವೂ ಆಯಿತು. ಜೀವಿಗಳೆಲ್ಲ ಮನುಷ್ಯನಿಗಾಗಿ ಹುಟ್ಟಿದವಲ್ಲವೆಂದು ಕೊನೆಗೆ ನಿರ್ಣಯಿಸಿದನು. ಡವಗುಟ್ಟಿದ ಎದೆ, ಈ ನಿರ್ಣಯ, ಎರಡೂ ಒಬ್ಬನವೇ! ನಮ್ಮೆಲ್ಲರ ಪಾಡೂ ಇದೇ ಅಲ್ಲವೆ?

ಚೆಲುವನ್ನು ಕಂಡು ಹಿಗ್ಗುವುದು ತಪ್ಪಲ್ಲ. ನಾವು ಕಾಣದ ಚೆಲುವು ವ್ಯರ್ಥವೆಂದು ಭಾವಿಸುವುದೇ ತಪ್ಪೆಂದು ನನಗೆ ತೋರುತ್ತದೆ. ಒಡೆತನದ ಆಸೆ ಮೊಳೆಯುವುದು ಅಲ್ಲಿಂದಲೇ. ನಾನು ಬಚಾನಿಗೆ ಹೋಗಲಾರೆ. ಆ ಚಿಟ್ಟೆ ನನ್ನ ಕಣ್ಣಿಗೆ ಬೀಳಲಾರದು. ಆದರೂ ಅದು ಅಲ್ಲಿ ತನ್ನ ಪಾಡಿಗೆ ತಾನು ಹಾರಾಡುತ್ತಿದೆಯೆಂದು ನಾನು ಸಂತೋಷಪಡಬಲ್ಲೆನೆ? ಹಾಗೆ ಪಡಬಲ್ಲೆನಾದರೆ ಮಾತ್ರ, ಚೆಲುವನ್ನು ಪ್ರೀತಿಸುತ್ತೇನೆಂದು ಹೇಳುವ ಅಧಿಕಾರ ನನಗುಂಟು.